ಪಾರ್ಕು ಮಾವನ ಪಂಚನಾಮೆ

ಪಾರ್ಕು ಸಮಿತಿಯ ಕಾರ್ಯದರ್ಶಿಗೆ ಬೀದಿಯವರು ಇಟ್ಟ ಹೆಸರು ಪಾರ್ಕು ಮಾವ. ರಾತ್ರಿ ಅಲ್ಲಿ ಹುಡುಗ ಹುಡುಗಿಯರ ಗದ್ದಲವಾದರೆ ಬೆಳಿಗ್ಗೆ ಕಸದ ಪಂಚನಾಮೆ ತಪ್ಪಿದ್ದಲ್ಲ. ಕೈಯಲ್ಲಿ ಇಕ್ಕಳ, ಕೊರಳಲ್ಲಿ ಸೀಟಿ, ಬಾಯಲ್ಲಿ "ಇವರ ಮನೆ ಹಾಳಾಗ." ಖಾಲಿ ಚಿಪ್ಸ್ ಪೊಟ್ಟಣವೊಂದನ್ನು ಮೂಸಿದರೆ ಸಾಕು, ಎಷ್ಟು ಜನ ಕೂತಿದ್ದರು, ಯಾರು ಹಾಡಿದರು, ಯಾರಿಗೆ ಶ್ರುತಿಯೇ ಇರಲಿಲ್ಲ, ಎಲ್ಲ ಹೇಳಿಬಿಡುತ್ತಾರೆ. ಗಲಾಟೆ ನಿಲ್ಲಿಸಲು ಅವರು ಸೀಟಿ ಊದಿದ ರಾತ್ರಿ, ಗಲಾಟೆಗೆ ಏಳದ ಕೂಸುಗಳೂ ಎದ್ದು ಅತ್ತಿದ್ದುಂಟು. "ಪೊಲೀಸರನ್ನ ಕರೆಸ್ತೀನಿ" ಅಂತ ದಿನಾ ಗುಡುಗುತ್ತಿದ್ದವರು ಹೋದ ವಾರದಿಂದ ಯಾಕೋ ತಣ್ಣಗಾಗಿದ್ದಾರೆ. ಬೆಂಚಿನ ಕೆಳಗೆ ಹರಿದು ಬಿಸಾಡಿದ ಪ್ರೇಮಪತ್ರವೊಂದು ಸಿಕ್ಕಿತ್ತು. ಬೈಯುತ್ತಲೇ ಮನೆಗೆ ತಂದು ಹನ್ನೊಂದು ಚೂರನ್ನೂ ಅಂಟಿಸಿದರು. "ಕೊನೆಗೆ ನಾನು ಹೇಳೋದು ಇಷ್ಟೇ" ಎಂದು ಹುಡುಗಿ ಬರೆದಲ್ಲಿಗೆ ಕಾಗದ ಮುಗಿದಿತ್ತು. ಈಗ ಗುಡಿಸುವವಳು ಪೊರಕೆ ಹಿಡಿಯುವ ಮುಂಚೆಯೇ ಮಾವ ಉಳಿದ ಚೂರಿಗಾಗಿ ಮೊಣಕಾಲೂರಿ ಹುಲ್ಲು ತಡಕುತ್ತಾರೆ. ನಿನ್ನೆ ರಾತ್ರಿ ಮತ್ತೆ ಗದ್ದಲವೆದ್ದಾಗ ಹೆಂಡತಿ ಪೊಲೀಸರಿಗೆ ಹೇಳಲು ಫೋನು ಎತ್ತಿಕೊಂಡರು. "ತಡಿಯೇ," ಎಂದರು ಮಾವ, ಕಿಟಕಿಯನ್ನು ಇನ್ನಷ್ಟು ತೆರೆದು, "ಅವಳೂ ನಗ್ತಾ ಇದಾಳಾ ಕೇಳೋಣ."