ಅಕ್ಪೆನೆಯ ಶನಿವಾರದ ಡಿಗ್ರಿ

ನಮ್ಮ ಹೋ ಪಟ್ಟಣದ ಲಾರಿ ಸ್ಟ್ಯಾಂಡಿನಲ್ಲಿ ಅಕ್ಪೆನೆ ದೋತ್ಸೆ ಗೊತ್ತಿಲ್ಲದ ಡ್ರೈವರ್ ಇದ್ದರೆ ಅವನು ಮೊನ್ನೆ ಮೊನ್ನೆ ಸ್ಟಿಯರಿಂಗ್ ಹಿಡಿದವನೇ ಇರಬೇಕು. ಹತ್ತೊಂಬತ್ತು ವರ್ಷ ಅವಳು ಅಲ್ಲಿ ವಿಮೆ ಮಾರಿದ್ದಳು. ಜನ ತುಂಬಿಕೊಂಡು ಓಡುವ ಟ್ರೋಟ್ರೋ ವ್ಯಾನುಗಳಿಗೆ, ಹಿಟ್ಟಿನ ಗಿರಣಿಗಳಿಗೆ, ಬಡಗಿಗಳ ಶೆಡ್ಡುಗಳಿಗೆ, ಕೊನೆಗೆ ಒಂದು ಚರ್ಚಿನ ಡ್ರಮ್ ಸೆಟ್ಟಿಗೂ. ಗುದ್ದಿದ ಗಾಡಿಯ ಬಂಪರ್ ನೋಡಿ, ತಪ್ಪು ಯಾರದು, ಸುಳ್ಳು ಯಾರದು ಎಂದು ನಿಂತಲ್ಲೇ ಹೇಳುತ್ತಿದ್ದಳು. ಹಳೇ ಮ್ಯಾನೇಜರು ನಿವೃತ್ತರಾದಾಗ ಆ ಕುರ್ಚಿ ಅವಳದೇ ಎಂದು ನಾನೂ ಸೇರಿ ಇಡೀ ಸ್ಟ್ಯಾಂಡು ತೀರ್ಮಾನ ಮಾಡಿಬಿಟ್ಟಿತ್ತು.

ರಾಜಧಾನಿ ಆಕ್ರಾದ ಹೆಡ್ಡಾಫೀಸಿನಿಂದ ಎರಡು ಸಾಲಿನ ಪತ್ರ ಬಂತು. ಮ್ಯಾನೇಜರಿಗೆ ಡಿಗ್ರಿ ಬೇಕು. ಡಿಗ್ರಿ ಇದ್ದವನು ಆಫೀಸಿನಲ್ಲಿ ಒಬ್ಬನೇ, ಸೆಲೋರ್ಮ್. ಮೂವತ್ತು ದಾಟದ ಹುಡುಗ, ಪಾಲಿಸಿ ಬರೆಯುವುದನ್ನು ಅಕ್ಪೆನೆಯೇ ಅವನಿಗೆ ಕೈಹಿಡಿದು ಕಲಿಸಿದ್ದಳು. ಅವನು ಕುರ್ಚಿಯ ಮೇಲೆ ಕೂತ ಮೊದಲ ದಿನ ತಲೆ ಎತ್ತಲಿಲ್ಲ.

"ದಾವಿ, ಇದು ನಾನು ಕೇಳಿದ್ದಲ್ಲ," ಅಂದ. ಅಕ್ಕನಂಥ ಹೆಂಗಸರನ್ನು ನಮ್ಮಲ್ಲಿ ಹಾಗೇ ಕರೆಯುವುದು.

"ಕೇಳದೇ ಸಿಕ್ತಲ್ಲ, ಕೂತ್ಕೋ," ಅಂದು ಅಕ್ಪೆನೆ ಛತ್ರಿ ತಗೊಂಡು ಹೊರಟೇಬಿಟ್ಟಳು. ಹೋದದ್ದು ನೇರ ಯೂನಿವರ್ಸಿಟಿಗೆ. ಹಣಕಾಸು, ಅಪಾಯ ನಿರ್ವಹಣೆ, ವಿಮೆ, ಆರ್ಥಿಕ ಯೋಜನೆ ಎಲ್ಲ ಸೇರಿಸಿದ ಒಂದು ಡಿಗ್ರಿ, ಕೆಲಸ ಮಾಡುವವರಿಗೆಂದೇ ಶನಿವಾರದ ತರಗತಿ, ನಾಲ್ಕು ವರ್ಷ. ಆಗ ಅವಳಿಗೆ ನಲವತ್ತಾರು.

ಕೌಂಟರಿನವಳು ಅರ್ಜಿಯನ್ನು ಮೂರು ಸಲ ವಾಪಸು ಕೊಟ್ಟಳು. ಮೊದಲು ಫೋಟೋದ ಹಿನ್ನೆಲೆ ಕೆಂಪಿರಬೇಕಿತ್ತು. ಆಮೇಲೆ ಬಿಳಿ ಇರಬೇಕಿತ್ತು. ಮೂರನೇ ಸಲ, "ಮಗಳ ಸಹಿ ಎಲ್ಲಿ?" ಅಂದಳು.

"ಯಾವ ಮಗಳು? ಓದೋಳು ನಾನೇ!"

ಕೌಂಟರಿನವಳು ಕನ್ನಡಕ ಸರಿಮಾಡಿಕೊಂಡು ಒಮ್ಮೆ ಮೇಲಿಂದ ಕೆಳಗೆ ನೋಡಿ ಮುದ್ರೆ ಒತ್ತಿದಳು.

ಶನಿವಾರವೇ ದೊಡ್ಡ ತಲೆನೋವಾಯಿತು. ನಮ್ಮಲ್ಲಿ ಶನಿವಾರ ಅಂದರೆ ಅಂತ್ಯಕ್ರಿಯೆಯ ದಿನ. ವಾರವಿಡೀ ಯಾರು ಎಲ್ಲೇ ದುಡಿಯಲಿ, ಆವತ್ತು ಕಪ್ಪು ಕೆಂಪು ಬಟ್ಟೆ ಉಟ್ಟು ಶಾಮಿಯಾನದ ಕೆಳಗೆ ಕೂರಲೇಬೇಕು. ಅದರಲ್ಲೂ ವಿಮೆಯವಳು ಹೋಗದಿದ್ದರೆ ಸತ್ತವನ ಮನೆಯವರು ಮುಂದಿನ ವರ್ಷದ ಪಾಲಿಸಿಯನ್ನು ಬೇರೆ ಕಂಪನಿಗೆ ಕೊಡುತ್ತಾರೆ. ಅಕ್ಪೆನೆ ಬೆಳಿಗ್ಗೆ ತರಗತಿಗೆ ಹೋಗಿ, ಊಟದ ಬಿಡುವಿನಲ್ಲಿ ಓಡಿ ಶವಪೆಟ್ಟಿಗೆಗೆ ಕೈಮುಗಿದು, ಮಧ್ಯಾಹ್ನದ ಪಾಠಕ್ಕೆ ಬಂದು ಕೂರುತ್ತಿದ್ದಳು. ಮೈಮೇಲೆ ಕಪ್ಪು ಬಟ್ಟೆ, ಬಾಯಲ್ಲಿ ಅರ್ಧ ಅಗಿದ ಅಬೊಲೋ ಕಡುಬು.

ಅವಳ ತಾಯಿಯ ಹೆಸರು ಯಾವಾ, ವಯಸ್ಸು ಎಪ್ಪತ್ತೆಂಟು. ನೆಂಟರ ದೂರುಗಳನ್ನೆಲ್ಲ ಅವಳೇ ಕೇಳಬೇಕು.

"ನಿನ್ ಚಿಕ್ಕಪ್ಪನ ದಫನಕ್ಕೆ ಹತ್ತೇ ನಿಮಿಷ ಇದ್ಯಂತೆ. ಜನ ಏನನ್ಕೊಳ್ತಾರೆ?"

"ಪರೀಕ್ಷೆ ಇತ್ತಮ್ಮಾ."

"ಓಹೋ! ಸಾಯೋರು ನಿನ್ ಟೈಮ್‌ಟೇಬಲ್ ನೋಡ್ಕೊಂಡು ಸಾಯ್ಬೇಕಿತ್ತಾ?"

ಹೋಗಲಿ, ಅಷ್ಟೆಲ್ಲ ಒದ್ದಾಡಿ ಹೋದರೆ ಒಳಗೆ ಹೇಳಿಕೊಡುತ್ತಿದ್ದದ್ದಾದರೂ ಏನು? ಅಪಾಯ ನಿರ್ವಹಣೆ ಕಲಿಸುತ್ತಿದ್ದ, ಪಿಎಚ್‌ಡಿ ಮುಗಿಸಿದ ಎಳೆಯ ಡಾಕ್ಟರು ಅಮೆರಿಕದ ಪುಸ್ತಕದಿಂದ ಹಾಳೆ ಹಾಳೆಯೇ ಗೋಡೆಯ ಮೇಲೆ ಬಿಂಬಿಸಿ ಓದುತ್ತಿದ್ದರು. ಸೂರಿನ ಮೇಲೆ ಹಿಮ ಕೂತು ಮನೆ ಕುಸಿದರೆ ನಷ್ಟ ಎಷ್ಟು, ಲೆಕ್ಕ ಹಾಕಿ.

ಅಕ್ಪೆನೆ ಕೈ ಎತ್ತಿದಳು. "ಸರ್, ನಮ್ಮೂರಲ್ಲಿ ಹಿಮ ಯಾವ ವರ್ಷ ಬಿತ್ತು?"

ತರಗತಿ ನಕ್ಕಿತು. ಡಾಕ್ಟರು ನಗಲಿಲ್ಲ. "ಇದು ತತ್ವ, ಮೇಡಂ. ತತ್ವ ಹಿಡ್ಕೊಳ್ಳಿ."

ಆರ್ಥಿಕ ಯೋಜನೆಯ ಪಾಠದಲ್ಲಿ ಒಂದು ಕುಟುಂಬದ ಮೂವತ್ತು ವರ್ಷದ ಯೋಜನೆ ಬರೆಯಲು ಕೊಟ್ಟರು. ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಸಂಬಳ. ಅಕ್ಪೆನೆ ತನ್ನ ಮನೆಯನ್ನೇ ಇಟ್ಟುಕೊಂಡು ಬರೆದಳು. ತಾಯಿ, ತೀರಿಹೋದ ತಂಗಿಯ ಮೂವರು ಮಕ್ಕಳು, ಗಡಿಯಾಚೆ ಲೋಮೆಗೆ ಹೋಗಿ ತಿರುಗಿ ನೋಡದ ಗಂಡ, ಚರ್ಚಿನ ಸುಗ್ಗಿ ಕಾಣಿಕೆ, ತಿಂಗಳಿಗೆ ನಾಲ್ಕು ದಫನದ ವಂತಿಗೆ. ಇವೆಲ್ಲ ಕುಟುಂಬದ ಕಾಲಮ್ಮಿಗೆ ಬರುವುದಿಲ್ಲ, "ಇತರೆ" ಅನ್ನುವುದರ ಕೆಳಗೆ ಹಾಕಿ ಅಂದರು. ಹಾಕಿದಳು. ಕುಟುಂಬ ಅರ್ಧ ಪುಟ, ಇತರೆ ನಾಲ್ಕು ಪುಟ ಆಯಿತು. ನಮೂನೆ ಪಾಲಿಸಿಲ್ಲವೆಂದು ಇಪ್ಪತ್ತಕ್ಕೆ ಏಳು ಕೊಟ್ಟರು. ಏಳಕ್ಕೆ ಅವಳು ಅಳಲಿಲ್ಲ, ಆದರೆ ಆ ಹಾಳೆಯನ್ನು ಮನೆಗೂ ಒಯ್ಯಲಿಲ್ಲ. ದಾರಿಯಲ್ಲಿ ಹುರಿದ ಬಾಳೆಕಾಯಿ ಮಾರುವವಳಿಗೆ ಪೊಟ್ಟಣ ಕಟ್ಟಲು ಕೊಟ್ಟು ಬಂದಳು.

ಗುಂಪು ಕೆಲಸದ ಸಂಗತಿ ಬೇರೆ. ಐವರ ಹೆಸರು, ಬರೆಯುವವಳು ಒಬ್ಬಳು. ಉಳಿದ ನಾಲ್ವರು ಸಲ್ಲಿಸುವ ದಿನ ಬಂದು, "ಅಮ್ಮಾ, ನಮ್ ಹೆಸರು ಸ್ಪೆಲ್ಲಿಂಗ್ ಸರಿ ಇದ್ಯಾ?" ಎಂದು ಕೇಳುವರು.

ಹೀಗೆ ರೋಸಿಹೋಗುತ್ತಲೇ ಎರಡು ವರ್ಷ ಕಳೆಯಿತು. ಮೂರನೆಯ ವರ್ಷ ವಿಮೆಯ ಕಾನೂನು ಹೇಳಲು ಕುಮೋರ್ಜಿ ಮೇಷ್ಟ್ರು ಬಂದರು. ನಿವೃತ್ತ ವಕೀಲರು, ಪುಸ್ತಕ ತರುವವರಲ್ಲ, ಮೆತ್ತಗಿನ ದನಿ. ಮೊದಲ ಪರೀಕ್ಷೆಯಲ್ಲೇ ಅವರು ಕೇಳಿದ್ದು ಇದು: "ಅಂಗಡಿಯಲ್ಲಿ ಇಟ್ಟ ಸರಕು" ಎಂದು ಪಾಲಿಸಿಯಲ್ಲಿದೆ. ಅಂಗಡಿಯ ಮುಂದಿನ ಚಪ್ಪರದಡಿ ಇಟ್ಟಿದ್ದ ಸರಕು ಸುಟ್ಟುಹೋಯಿತು. ಕಂಪನಿ ಪರಿಹಾರ ಕೊಡಬೇಕೋ, ಬೇಡವೋ?

ಅಕ್ಪೆನೆಗೆ ನಗು ಬಂತು. ಕೊನೆಗೂ ಗೊತ್ತಿರುವ ಪ್ರಶ್ನೆ. ಅಂಗಡಿ ಅಂದರೆ ಗೋಡೆಯೊಳಗೆ, ಚಪ್ಪರ ಲೆಕ್ಕಕ್ಕಿಲ್ಲ, ಕೊಡಬೇಕಾಗಿಲ್ಲ ಎಂದು ಎರಡು ಪುಟ ಬರೆದು ಎಲ್ಲರಿಗಿಂತ ಮೊದಲು ಎದ್ದಳು. ಇಪ್ಪತ್ತಕ್ಕೆ ನಾಲ್ಕು ಬಂತು.

ಹಾಳೆ ಹಿಡಿದುಕೊಂಡು ಮೇಷ್ಟ್ರ ಮೇಜಿನ ಮುಂದೆ ನಿಂತಳು. "ಸರ್, ಇಪ್ಪತ್ತೊಂದು ವರ್ಷದಿಂದ ನಾನು ಇದೇ ಕೆಲ್ಸ ಮಾಡ್ತಿರೋದು. ನಮ್ಮಾಫೀಸಲ್ಲಿ ಹಿಂಗೇ ಮಾಡೋದು."

"ಮಾಡ್ತಿದ್ದೀರಿ ಅಂತ ಗೊತ್ತಾಯ್ತು," ಅಂದರು ಮೇಷ್ಟ್ರು. "ಪಾಲಿಸಿ ಬರೆದವರು ಯಾರು?"

"ಕಂಪನಿ."

"ಒಂದು ಮಾತಿಗೆ ಎರಡು ಅರ್ಥ ಬರೋ ಹಾಗೆ ಬರೆದವರೂ ಅವರೇ ತಾನೆ? ಹಾಗಿದ್ಮೇಲೆ ಅನುಮಾನದ ಲಾಭ ಗಿರಾಕಿಗೆ ಹೋಗ್ಬೇಕು. ಗೋಡೆಯೊಳಗೆ ಮಾತ್ರ ಅನ್ನೋ ಮನಸ್ಸಿದ್ದಿದ್ರೆ 'ಗೋಡೆಯೊಳಗೆ' ಅಂತ ಬರೀಬೇಕಿತ್ತು. ಇದು ಹಳೇ ಕಾನೂನು, ತಾಯಿ. ನಾನು ಮಾಡಿದ್ದಲ್ಲ." ಮತ್ತೆ ಕೇಳಿದರು, "ಹೀಗೆ ಹೇಳಿ ಎಷ್ಟು ಜನರನ್ನ ವಾಪಸು ಕಳಿಸಿದ್ದೀರಿ?"

ಅಕ್ಪೆನೆ ಹಾಳೆ ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಆವತ್ತು ಯಾರ ದಫನಕ್ಕೂ ಹೋಗದೆ ಸೀದಾ ಮನೆಗೆ ಬಂದು ಅಂಗಳದ ಬೆಂಚಿನ ಮೇಲೆ ಕೂತಳು. ನೆನಪಿಗೆ ಬಂದವರು ಮೂವರು. ನೆನಪಾಗದವರು ಇನ್ನೂ ಇದ್ದಿರಬಹುದು. ಒಬ್ಬನು ತೀರಿಕೊಂಡಿದ್ದ, ಒಬ್ಬನು ಊರು ಬಿಟ್ಟಿದ್ದ. ಊರಲ್ಲೇ ಇದ್ದವಳು ಬಟ್ಟೆ ಮಾರುತ್ತಿದ್ದ ಫಾಫಾಲಿ ಒಬ್ಬಳು. ಅವಳ ಥಾನುಗಳು ಸುಟ್ಟದ್ದು ಅಂಗಡಿ ಮುಂದಿನ ಚಪ್ಪರದಲ್ಲಿ.

ಆ ಸಂಕಟದ ಮೇಲೆ ಯೂನಿವರ್ಸಿಟಿ ಇನ್ನೊಂದು ತಂದಿಟ್ಟಿತು. ಮೂರನೇ ವರ್ಷದ ಕೊನೆಗೆ ಪ್ರತಿ ವಿದ್ಯಾರ್ಥಿಯೂ ಆರು ವಾರ ಯಾವುದಾದರೂ ಕಂಪನಿಯಲ್ಲಿ ಕೆಲಸ ಕಲಿಯಬೇಕು.

"ನಾನು ವಿಮಾ ಕಂಪನಿಯಲ್ಲೇ ಇರೋದು," ಅಂದಳು ಅಕ್ಪೆನೆ.

"ಅದು ನೌಕರಿ. ಇದು ತರಬೇತಿ," ಅಂದ ಗುಮಾಸ್ತ. ಅವನೇ ಪಟ್ಟಿ ನೋಡಿ ಅವಳನ್ನು ಹಾಕಿದ್ದು ಎಲ್ಲಿಗೆ? ಅವಳದೇ ಶಾಖೆಗೆ.

ಅಂದರೆ ಕೆಲಸಕ್ಕೆ ವರ್ಷದ ರಜೆಯೆಲ್ಲ ಹಾಕಿ, ಅದೇ ಕೆಲಸಕ್ಕೆ ಪುಕ್ಕಟೆ ಬರಬೇಕು. ಅವಳ ಮೇಜು ಖಾಲಿ, ಏಕೆಂದರೆ ಅಕ್ಪೆನೆ ರಜೆಯಲ್ಲಿದ್ದಾಳೆ. ತರಬೇತಿಗೆ ಬಂದವರಿಗೆ ಜೆರಾಕ್ಸ್ ಯಂತ್ರದ ಪಕ್ಕ ಒಂದು ಸ್ಟೂಲು. ಮೇಜಿನ ಫೋನು ಬಡಿದುಕೊಂಡಾಗ ತಡೆಯಲಾರದೆ ಎತ್ತಿದಳು.

"ಅಕ್ಪೆನೆ ರಜದಲ್ಲಿದ್ದಾಳೆ."

"ಮಾತಾಡ್ತಿರೋದು ನೀನೇ ಅಲ್ವಾ?" ಅಂದ ಆ ಕಡೆಯ ಡ್ರೈವರ್.

"ಹೌದು ನಾನೇ. ಆದ್ರೆ ರಜದಲ್ಲಿದ್ದೀನಿ. ನಾಳೆ ಬಾ... ಬೇಡ, ಮುಂದಿನ ತಿಂಗಳು ಬಾ... ಅಯ್ಯೋ, ಈಗ್ಲೇ ಬಾರಪ್ಪಾ!"

ದಿನಚರಿ ಪುಸ್ತಕದಲ್ಲಿ ಪ್ರತಿದಿನ ಕಲಿತದ್ದನ್ನು ಬರೆದು ಸೆಲೋರ್ಮನ ಸಹಿ ಹಾಕಿಸಬೇಕು. ಮೊದಲ ದಿನ, "ವಾಹನ ವಿಮೆಯ ಅರ್ಜಿ ತುಂಬುವುದನ್ನು ಕಲಿತೆ," ಎಂದು ಬರೆದಳು. ಆ ಅರ್ಜಿಯ ಎಂಟನೇ ಪ್ರಶ್ನೆಯನ್ನು ಅವಳೇ ಆಕ್ರಾಕ್ಕೆ ಪತ್ರ ಬರೆದು ತಿದ್ದಿಸಿದ್ದಳು. ಸೆಲೋರ್ಮ್ ಬೆವರುತ್ತ ಸಹಿ ಹಾಕಿದ. ಸಮಯಪಾಲನೆಗೆ ಐದಕ್ಕೆ ಮೂರು ಕೊಟ್ಟ.

"ಮೂರಾ?"

"ಮಂಗಳವಾರ ಹತ್ತೂವರೆಗೆ ಬಂದ್ರಿ ದಾವಿ."

"ನಿನ್ ಗಿರಾಕಿಯ ಬಿದ್ದ ಗಾಡಿ ನೋಡೋಕೆ ಹೋಗಿದ್ನಲ್ಲೋ!"

"ಗೊತ್ತು. ಆದ್ರೆ ಎಲ್ಲಾ ಕಡೆ ಐದೇ ಕೊಟ್ರೆ ಯೂನಿವರ್ಸಿಟಿಯವ್ರು ಅನುಮಾನ ಪಡ್ತಾರೆ."

ನಾಲ್ಕನೇ ವಾರ ಬಡಗಿ ಕ್ಲುತ್ಸೆ ಬಂದ. ಒಣಗಾಳಿಯ ಕಾಲ. ಹಿಂದಿನ ಬಯಲಲ್ಲಿ ಯಾರೋ ಹಚ್ಚಿದ ಬೆಂಕಿ ಹಾರಿ ಬಂದು ಅವನ ಮರದ ಹಲಗೆಗಳನ್ನೆಲ್ಲ ತಿಂದುಹಾಕಿತ್ತು. ಹಲಗೆಗಳು ಇದ್ದದ್ದು ಅಂಗಡಿಯ ಮುಂದೆ, ತಗಡಿನ ಚಪ್ಪರದ ಕೆಳಗೆ. ಕೈಯಲ್ಲಿ ಮಡಿಚಿ ಮಡಿಚಿ ಹರಿದ ಪಾಲಿಸಿ. ಸೆಲೋರ್ಮ್ ಓದಿ ನಿಟ್ಟುಸಿರು ಬಿಟ್ಟ.

"ಎಫೋ ಕ್ಲುತ್ಸೆ, ಅಂಗಡಿಯಲ್ಲಿ ಅಂದ್ರೆ ಗೋಡೆಯೊಳಗೆ. ಏನ್ಮಾಡೋದು, ನಿಯಮ." ಎಫೋ ಅಂದರೆ ಅಣ್ಣ.

ಕ್ಲುತ್ಸೆ ವಾದ ಮಾಡಲಿಲ್ಲ. ಸುಮ್ಮನೆ ಎದ್ದ. ಅವನು ಹಾಗೆ ಸುಮ್ಮನೆ ಎದ್ದದ್ದೇ ಅಕ್ಪೆನೆಯನ್ನು ಸ್ಟೂಲಿನಿಂದ ಎಬ್ಬಿಸಿತು. ಫಾಫಾಲಿಯೂ ಹೀಗೇ ಸುಮ್ಮನೆ ಎದ್ದು ಹೋಗಿದ್ದಳು.

"ಕೂತ್ಕೋ," ಅಂದಳು ಅವನಿಗೆ. ಸೆಲೋರ್ಮನ ಕೋಣೆಯ ಬಾಗಿಲು ಹಾಕಿದಳು. "ಗೋಡೆಯೊಳಗೆ ಅಂತ ಎಲ್ಲಿ ಬರೆದಿದೆ? ತೋರ್ಸು."

"ದಾವಿ, ನೀವೇ ತಾನೆ ನಂಗೆ ಹೇಳ್ಕೊಟ್ಟಿದ್ದು?"

"ಹೌದು. ತಪ್ಪು ಹೇಳ್ಕೊಟ್ಟೆ. ನಂಗೂ ಯಾರೋ ತಪ್ಪು ಹೇಳ್ಕೊಟ್ಟಿದ್ರು, ನಾನು ಕೇಳ್ಲಿಲ್ಲ." ಕುಮೋರ್ಜಿ ಮೇಷ್ಟ್ರ ಪಾಠವನ್ನೆಲ್ಲ ಅವನ ಮುಂದೆ ಒಪ್ಪಿಸಿದಳು. ನಾಲ್ಕು ಅಂಕ ಬಂದ ಹಾಳೆಯನ್ನೂ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.

"ನನ್ ಡಿಗ್ರಿಯಲ್ಲೂ ಇದು ಇತ್ತು," ಅಂದ ಸೆಲೋರ್ಮ್. "ಓದಿದ್ದೆ. ಪರೀಕ್ಷೆಗೆ ಅಂತ ಓದಿದ್ದೆ."

"ಹಂಗಾದ್ರೆ ಬರಿ."

"ಆಕ್ರಾದವ್ರು ನನ್ನ ಕೇಳ್ತಾರೆ."

"ಕೇಳ್ಲಿ. ಮ್ಯಾನೇಜರ್ ಯಾರು? ನಾನಂತೂ ಜೆರಾಕ್ಸ್ ಮಾಡೋಳು."

ಪತ್ರವನ್ನು ಅವಳು ಬರೆದಳು, ಸಹಿ ಅವನು ಹಾಕಿದ. ಆಕ್ರಾದವರು ಕೇಳಿದರು, ಎರಡು ಸಲ ವಾಪಸು ಕಳಿಸಿದರು, ಅವಳು ಎರಡು ಸಲವೂ ಉತ್ತರ ಬರೆದಳು. ಒಂಬತ್ತು ವಾರದ ಮೇಲೆ ನಷ್ಟದ ಮುಕ್ಕಾಲು ಪಾಲು ಬಂತು. ಕ್ಲುತ್ಸೆ ಸಂತೋಷದಿಂದ ಹೆಗಲ ಮೇಲೆ ಮೂರು ದೊಡ್ಡ ಯಾಮ್ ಗೆಡ್ಡೆ ಹೊತ್ತು ತಂದು ಸೆಲೋರ್ಮನ ಕಾಲ ಬಳಿ ಇಟ್ಟು, "ನಿಮ್ಮಂಥ ಓದಿದೋರು ಇರ್ಬೇಕು ಸಾರ್," ಅಂದ. ಅಕ್ಪೆನೆಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ಸಂಜೆ ಸೆಲೋರ್ಮ್ ಮೂರು ಗೆಡ್ಡೆಯನ್ನೂ ಅವಳ ಮನೆಗೆ ಹೊತ್ತು ತಂದು ಯಾವಾಳ ಮುಂದೆ ಇಟ್ಟುಹೋದ.

ಹಾಗೆ ಒಬ್ಬನಿಗೆ ಹಣ ಬಂದ ಮೇಲೆ ಅಕ್ಪೆನೆಗೆ ಸುಮ್ಮನಿರಲಾಗಲಿಲ್ಲ. ಫಾಫಾಲಿ ಈಗ ಆಸ್ಪತ್ರೆ ರಸ್ತೆಯಲ್ಲಿ ಅಬೊಲೋ ಮಾರುತ್ತಿದ್ದಳು. ಅಕ್ಪೆನೆ ಅವಳ ಬುಟ್ಟಿಯ ಮುಂದೆ ನಿಂತು ಎಲ್ಲ ಹೇಳಿದಳು. ಹನ್ನೊಂದು ವರ್ಷದ ಕೆಳಗೆ ನಿನ್ನ ವಾಪಸು ಕಳಿಸಿದ್ದು ತಪ್ಪು, ಕಾನೂನು ನಿನ್ನ ಕಡೆ ಇತ್ತು, ಈಗ ಕಾಲ ಮೀರಿದೆ.

ಫಾಫಾಲಿ ನೊಣ ಓಡಿಸುತ್ತ ಕೇಳಿಸಿಕೊಂಡಳು. "ಈಗ ಕಂಪನಿ ಕೊಡತ್ತಾ?"

"ಇಲ್ಲ."

"ನೀನು ಕೊಡ್ತೀಯಾ?"

"ಅಷ್ಟು ನನ್ ಹತ್ರ ಇಲ್ಲ."

"ಮತ್ತೆ ಇದನ್ನ ನಂಗ್ಯಾಕೆ ಹೇಳ್ದೆ? ಬೆಂಕಿ ದೇವರದು ಅನ್ಕೊಂಡು ಹನ್ನೊಂದು ವರ್ಷ ನೆಮ್ಮದಿಯಾಗಿದ್ದೆ. ಇವತ್ತಿಂದ ನಿನ್ ಮೇಲೆ ಸಿಟ್ಟು ಮಾಡ್ಕೊಳ್ಬೇಕು. ಅದಕ್ಕೂ ನಂಗೆ ಪುರುಸೊತ್ತಿಲ್ಲ." ಬುಟ್ಟಿಯ ಬಟ್ಟೆ ಸರಿಸಿದಳು. "ಎಷ್ಟು ಬೇಕು?"

ಅಕ್ಪೆನೆ ಬುಟ್ಟಿಯನ್ನೇ ಕೊಂಡಳು. ಒಂದು ವಾರ ಮನೆಯಲ್ಲಿ ಅಬೊಲೋ ಬಿಟ್ಟು ಬೇರೆ ಊಟವಿರಲಿಲ್ಲ. ಮಕ್ಕಳು ಗೊಣಗಿದವು.

ನಾಲ್ಕನೇ ವರ್ಷ ಮುಗಿಯಿತು. ಪದವಿ ಕೊಟ್ಟದ್ದೂ ಶನಿವಾರವೇ. ವೇದಿಕೆಯ ಮೇಲೆ ಅವಳ ಹೆಸರನ್ನು ಗಂಡಸಿನ ಹೆಸರು ಮಾಡಿ ಕೂಗಿದರು. ಯಾವಾ ಮೂರು ಗಂಟೆಯ ಭಾಷಣಗಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳಿ, "ದಫನದಲ್ಲಾದ್ರೆ ಊಟನಾದ್ರೂ ಹಾಕ್ತಿದ್ರು," ಅಂದಳು. ಅನ್ನುತ್ತಲೇ ಮಗಳ ಕಪ್ಪು ಗೌನಿನ ಸುಕ್ಕನ್ನು ಅಂಗೈಯಿಂದ ಮತ್ತೆ ಮತ್ತೆ ತೀಡಿದಳು.

ಮರುವರ್ಷ ಸೆಲೋರ್ಮನಿಗೆ ಕುಮಾಸಿಗೆ ವರ್ಗವಾಯಿತು. ಹೆಡ್ಡಾಫೀಸಿನಿಂದ ಮತ್ತೆ ಎರಡು ಸಾಲು ಬಂತು. ಮ್ಯಾನೇಜರಿಗೆ ಈಗ ಸ್ನಾತಕೋತ್ತರ ಪದವಿ ಇದ್ದರೆ ಒಳ್ಳೆಯದು. ಅಂಥವರು ಸಿಗುವ ತನಕ ಅಕ್ಪೆನೆ ದೋತ್ಸೆ ಹಂಗಾಮಿಯಾಗಿ ಕುರ್ಚಿಯಲ್ಲಿ ಕೂರತಕ್ಕದ್ದು, ಸಂಬಳ ಹಳೆಯದೇ.

ಅವಳು ಕೂತಳು. ಮೊದಲ ವಾರವೇ ಹೊಸ ಪಾಲಿಸಿಗಳಲ್ಲಿ "ಅಂಗಡಿ ಮತ್ತು ಅದರ ಮುಂದಿನ ಚಪ್ಪರ" ಎಂದು ಸೇರಿಸಿ ಅಚ್ಚು ಹಾಕಿಸಿದಳು. ಯಾರನ್ನೂ ಕೇಳಲಿಲ್ಲ. ಸಂಬಳದ ವ್ಯತ್ಯಾಸ ಕೊಡಿ ಎಂದು ತಿಂಗಳಿಗೊಂದರಂತೆ ಆಕ್ರಾಕ್ಕೆ ಪತ್ರ ಬರೆಯುತ್ತಾಳೆ. ಏಳು ಪತ್ರ ಹೋಗಿವೆ, ಉತ್ತರವಿಲ್ಲ. ಈ ಸೋಮವಾರ ನಾನು ಗಾಡಿಯ ಪಾಲಿಸಿ ಮಾಡಿಸಲು ಹೋದಾಗ ಎಂಟನೆಯದನ್ನು ಬರೆಯುತ್ತಿದ್ದಳು. ತಲೆ ಎತ್ತದೆ ಸ್ಟೂಲು ತೋರಿಸಿ, "ಕೂತ್ಕೋ, ಇದೊಂದು ಸಾಲು ಮುಗಿಸ್ತೀನಿ," ಅಂದಳು.