ಕುರಿ ಬಿಟ್ಟು ಬರಲಾರದವರ ಸಿಸ್ಟರಮ್ಮ

ಗಂಗಲಕ್ಷ್ಮಿಯನ್ನು ನಾನು ಮೊದಲು ನೋಡಿದ್ದು ಹನ್ನೊಂದು ವರ್ಷದ ಹಿಂದೆ, ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬರುವ ಬಸ್ಸಿನಲ್ಲಿ. ತೊಡೆಯ ಮೇಲೆ ಟವಲ್ ಸುತ್ತಿದ ಗಾಜಿನ ಭರಣಿ ಇಟ್ಟುಕೊಂಡು, ರಸ್ತೆಯ ಗುಂಡಿ ಬಂದಾಗಲೆಲ್ಲ ಅದನ್ನು ಕೂಸಿನ ಹಾಗೆ ಎದೆಗೊತ್ತಿಕೊಳ್ಳುತ್ತಿದ್ದಳು. ಹಾಸ್ಟೆಲಿಗೆ ಉಪ್ಪಿನಕಾಯಿ ಒಯ್ಯುತ್ತಿರುವ ಹುಡುಗಿ ಎಂದುಕೊಂಡೆ. ನನಗೋ ಬಿ.ಪಿ. ಕಾರಣಕ್ಕೆ ಮನೆಯಲ್ಲಿ ಉಪ್ಪಿನಕಾಯಿ ನಿಂತು ಆರು ತಿಂಗಳಾಗಿತ್ತು. ಮಾವಿನದೋ ನಿಂಬೆಯದೋ ಎಂದು ವಿಚಾರಿಸಿದೆ. ಆಕೆ ಟವಲ್ ಸರಿಸಿದಳು. ಒಳಗೆ ಮೊಳದುದ್ದದ ಹಾವೊಂದು ಸುರುಳಿ ಸುತ್ತಿಕೊಂಡು ತೇಲುತ್ತಿತ್ತು. ಚಳ್ಳಕೆರೆ ಬರುವವರೆಗೆ ನಾನು ನಿಂತೇ ಪ್ರಯಾಣ ಮಾಡಿದೆ.

ಆಕೆ ಆಗ ಎಂ.ಎಸ್ಸಿ. ಓದುತ್ತಿದ್ದಳು. ವಿಷಯ ಪರಿಸರ ಜೀವಶಾಸ್ತ್ರ. ತಳಕಿನ ಆಚೆ ಕುರಿ ಕಾಯುವವರ ಹಟ್ಟಿಯೊಂದರ ಜುಂಜಣ್ಣನ ಮಗಳು. ಅಪ್ಪ ಕುರಿ ಮೇಯಿಸುವ ಕಾವಲಿನಲ್ಲಿಯೇ ಮಗಳ ಪ್ರಬಂಧದ ಕೆಲಸ. ಹುಲ್ಲಿನ ನೆಲದಲ್ಲಿ ಹಗ್ಗ ಹಿಡಿದು ಗೆರೆ ಹಾಕಿ, ಗೆರೆಗೆ ಸಿಕ್ಕ ಕಲ್ಲನ್ನೆಲ್ಲ ಕೋಲಿನಿಂದ ಮಗುಚಿ, ಅಡಿಯಲ್ಲಿ ಉರಿಮಂಡಲ ಎಂಬ ವಿಷದ ಹಾವು ಇದೆಯೇ ಎಂದು ನೋಡುವುದು. ಇದ್ದರೆ ಹುಲ್ಲಿನ ಎತ್ತರ, ಕಲ್ಲಿನ ಬಿಸಿ, ಹಾವಿನ ಉದ್ದ ಬರೆದುಕೊಳ್ಳುವುದು. ಆಮೇಲೆ ಕಲ್ಲನ್ನು ಇದ್ದ ಹಾಗೇ ಇಡುವುದು. ನಮ್ಮ ಊರಿನ ಭಾಷಣಗಳಲ್ಲಿ ಆ ಕಾವಲಿಗೆ 'ಬೋಳು ನೆಲ' ಎಂದೇ ಹೆಸರು. ಅಂಥ ಭಾಷಣಗಳಿಗೆ ವಂದನಾರ್ಪಣೆ ಮಾಡಿದವರ ಪೈಕಿ ನಾನೂ ಒಬ್ಬ.

"ಕಲ್ಲು ಎತ್ತೋಕೆ ಹದಿನೇಳು ವರ್ಷ ಓದ್ಬೇಕೇನವ್ವ?" ಎಂದು ಜುಂಜಣ್ಣ ಮಗಳನ್ನು ಕೇಳಿದ್ದನಂತೆ. ಕೇಳಿದವನೇ ತಾನೂ ಎತ್ತತೊಡಗಿದ. ಮಗಳು ಹಾಸ್ಟೆಲಿನಲ್ಲಿದ್ದ ದಿನಗಳಲ್ಲೂ ಕುರಿಯ ಹಿಂದೆ ಹೋಗುತ್ತ ಕಲ್ಲು ಮಗುಚಿ, ಸಂಜೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದ. ಆಕೆಯ ಮಾರ್ಗದರ್ಶಕ ಪ್ರೊಫೆಸರ್ ಹನುಮಂತರಾಯರು ಒಂದೇ ಒಂದು ಸಲ ಕಾವಲಿಗೆ ಬಂದರು, ಟೋಪಿ ಹಾಕಿಕೊಂಡು. ಜೀಪಿನಿಂದ ಇಳಿಯದೆ ಇಪ್ಪತ್ತು ನಿಮಿಷ ಮಾತಾಡಿ ಹೋದರು. ಅಷ್ಟೂ ಹೊತ್ತು ಜುಂಜಣ್ಣ ಕೈಕಟ್ಟಿ ನಿಂತಿದ್ದ.

ಅದೇ ವರ್ಷದ ಜೂನ್‌ನಲ್ಲಿ, ಮಗಳು ಪರೀಕ್ಷೆ ಬರೆಯುತ್ತಿದ್ದ ಒಂದು ಮಧ್ಯಾಹ್ನ, ಹಾಗೆ ಮಗುಚಿದ ಕಲ್ಲೊಂದರ ಅಡಿಯಿಂದ ಹಾವು ಆತನ ಬೆರಳಿಗೆ ಕಚ್ಚಿತು. ಸಣ್ಣ ಹಾವು, ಸೂಜಿ ಚುಚ್ಚಿದಷ್ಟು ನೋವು. ಬಟ್ಟೆ ಸುತ್ತಿಕೊಂಡು ಸಂಜೆಯವರೆಗೆ ಕುರಿ ಮೇಯಿಸಿದ. ಮಂದೆಯನ್ನು ಬೇಲಿಯ ರೊಪ್ಪಕ್ಕೆ ಕೂಡಿ, ಬಾಗಿಲಿಗೆ ಮುಳ್ಳು ಎಳೆದು, ಆಮೇಲೆ ಮನೆಗೆ ಬಂದ. ಮುದ್ದೆಗೆ ಕೈ ಹಾಕಿದಾಗ ಒಸಡಿನಿಂದ ರಕ್ತ ಬರುತ್ತಿತ್ತು. ಮರುದಿನ ಒಂದು ಕ್ಲಿನಿಕ್ಕಿನಲ್ಲಿ ಗಾಯ ತೊಳೆದು, ಟಿ.ಟಿ. ಇಂಜೆಕ್ಷನ್ ಚುಚ್ಚಿ ಕಳಿಸಿದರು. ನಾಲ್ಕನೇ ದಿನ ತೀರಿಕೊಂಡ.

ಪ್ರೊಫೆಸರರು ಸಂತಾಪ ಹೇಳಲು ಫೋನ್ ಮಾಡಿದರು. ಹೇಳಿದರು ಕೂಡ. ನಂತರ, ಕಚ್ಚಿದ ಹಾವಿನ ಮಾದರಿ ಸಿಕ್ಕಿತೇ, ಉದ್ದ ಎಷ್ಟಿತ್ತು ಎಂದು ಕೇಳಿದರು.

ಗಂಗಲಕ್ಷ್ಮಿ ಪ್ರಬಂಧ ಸಲ್ಲಿಸಿದಳು. ಮೊದಲ ದರ್ಜೆ ಬಂತು. ಮುಂದೆ ಪಿಎಚ್.ಡಿ. ಎಂದು ಎಲ್ಲರೂ ಕಾಯುತ್ತಿದ್ದಾಗ ಬಿ.ಎಸ್ಸಿ. ನರ್ಸಿಂಗಿಗೆ ಸೇರಿ, ತನಗಿಂತ ಆರು ವರ್ಷ ಚಿಕ್ಕವರ ಜೊತೆ ಬೆಂಚಿನಲ್ಲಿ ಕುಳಿತಳು. ಮೇಲೆ ಹತ್ತಿದವಳು ಏಣಿ ಇಳಿದು ಬಂದಳು ಎಂದು ನಂಟರು ಆಡಿಕೊಂಡರು. ಹಾವು ಯಾವ ಕಲ್ಲಿನ ಕೆಳಗೆ ಇರುತ್ತದೆ ಎನ್ನುವುದು ತನಗೆ ಗೊತ್ತಿತ್ತು, ಕಚ್ಚಿದ ಮೇಲೆ ಏನು ಮಾಡಬೇಕು ಎನ್ನುವುದು ಗೊತ್ತಿರಲಿಲ್ಲ, ಅಷ್ಟೇ ಎನ್ನುತ್ತಾಳೆ ಆಕೆ.

ಈಗ ತಳಕಿನ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಆಕೆ ಶುಶ್ರೂಷಾಧಿಕಾರಿ. ಬೋರ್ಡಿನಲ್ಲಿ ಮಾತ್ರ, ಹಟ್ಟಿಗಳಲ್ಲಿ ಸಿಸ್ಟರಮ್ಮ. ಹಾವು ಕಚ್ಚಿದವರು ಬಂದರೆ ಮೊದಲ ಕೆಲಸ, ಹೊಸ ಗಾಜಿನ ನಳಿಕೆಯಲ್ಲಿ ಅವರ ರಕ್ತ ಹಿಡಿದು ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡುವುದು. ಆಮೇಲೆ ಬಗ್ಗಿಸಿ ನೋಡಿದಾಗ ಹೆಪ್ಪುಗಟ್ಟಿದ್ದರೆ ಸದ್ಯಕ್ಕೆ ಸರಿ. ನೀರಿನಂತೆ ಹರಿದರೆ ವಿಷ ಏರಿದೆ ಎಂದು ಅರ್ಥ. ಬೇಕಾದ ಔಷಧಿ ಅಲ್ಲಿ ಇರುತ್ತಿತ್ತು. ಬೇಗ ಬರುವ ರೋಗಿ ಇರುತ್ತಿರಲಿಲ್ಲ.

ಕಾರಣ ಆಕೆಗೆ ಪುಸ್ತಕದಲ್ಲಿ ಸಿಗಲಿಲ್ಲ. ಹಟ್ಟಿಯಲ್ಲಿ ಹುಟ್ಟಿದವಳಿಗೆ ಪುಸ್ತಕ ಬೇಕಾಗಿಯೂ ಇರಲಿಲ್ಲ. ಕಳ್ಳ, ಕುಡುಕ ಎಂದರೆ ನಕ್ಕು ಸುಮ್ಮನಾಗುವ ಗಂಡಸು 'ಕುರಿ ಬಿಟ್ಟು ಬಂದೋನು' ಎಂದರೆ ಕೋಲು ಎತ್ತುತ್ತಾನೆ. ಅಂಥವನಿಗೆ ಹೆಣ್ಣು ಕೊಡುವುದಿಲ್ಲ. ಅದಕ್ಕೇ ಕಚ್ಚಿಸಿಕೊಂಡವರೆಲ್ಲ ಜುಂಜಣ್ಣನ ಹಾಗೆ, ಮೊದಲು ಕುರಿ ಕೂಡಿ ಆಮೇಲೆ ಆಸ್ಪತ್ರೆಗೆ ಬರುತ್ತಿದ್ದರು.

ಎರಡು ವರ್ಷದ ಹಿಂದೆ, ಮಳೆ ಶುರುವಾದ ಹೊಸದರಲ್ಲಿ, ಮಧ್ಯಾಹ್ನ ಒಂದು ಗಂಟೆಗೆ ತಿಪ್ಪೇರುದ್ರ ಎಂಬ ಇಪ್ಪತ್ತನಾಲ್ಕರ ಕುರಿಗಾಹಿ ಕಾವಲಿನಿಂದ ಆಕೆಗೆ ಫೋನ್ ಮಾಡಿದ. ನಾಯಕನಹಟ್ಟಿ ಕಡೆಯ ಹುಡುಗಿಯ ಜೊತೆ ಅವನ ಮದುವೆ ಗೊತ್ತಾಗಿತ್ತು.

"ಅಕ್ಕಾ, ಸಣ್ಣದೊಂದು ಕಚ್ಚೈತೆ. ಮಾತ್ರೆ ಏನಾರ ಐತಾ?"

"ಮಾತ್ರೆ ಇಲ್ಲ. ಯಾರ್ದಾದ್ರೂ ಬೈಕ್ ಹತ್ತಿ ಈಗ್ಲೇ ಬಾ."

"ಕುರಿ ಯಾರ್ ನೋಡ್ತಾರೆ?"

"ಹಾಳಾಗೋಗ್ಲಿ ಬಿಡೋ ಕುರಿ."

"ಹಂಗಂದ್ರೆ ಹೆಂಗಕ್ಕ. ನಮ್ ಮಾವಂದೂ ನಲ್ವತ್ತು ಅವೆ ಇದ್ರಾಗೆ."

ಗಂಗಲಕ್ಷ್ಮಿ ತನ್ನ ಅವ್ವ ಪಾಲಮ್ಮನನ್ನು ಕುರಿ ನೋಡಿಕೊಳ್ಳಲು ಆಟೋದಲ್ಲಿ ಕಳಿಸಿದಳು. ಆಟೋ ಅರ್ಧ ದಾರಿಗೆ ನಿಂತಿತು. ಅರವತ್ತು ದಾಟಿದ ಹೆಂಗಸು ಉಳಿದದ್ದನ್ನು ನಡೆದು, ಮೂರೂವರೆಗೆ ಮುಟ್ಟಿದಳು. ಅಲ್ಲಿಯವರೆಗೆ ತಿಪ್ಪೇರುದ್ರ ಕುರಿ ಬಿಟ್ಟು ಕದಲಿರಲಿಲ್ಲ. ಪಾಲಮ್ಮನಿಗೆ ಕುಂಟುವ ಕುರಿ ಯಾವುದು, ಹೊಲಕ್ಕೆ ನುಗ್ಗುವ ಟಗರು ಯಾವುದು ಎಂದು ತೋರಿಸಿಯೇ ಯಾರದೋ ಬೈಕ್ ಹತ್ತಿದ.

ಐದಕ್ಕೆ ಬಂದ. ನಳಿಕೆ ಬಗ್ಗಿಸಿದರೆ ರಕ್ತ ನೀರಿನಂತೆ ಹರಿಯಿತು. ವೈದ್ಯರು ಬಂದರು, ಔಷಧಿ ಏರಿಸಿದರು. ದುರ್ಗದ ದೊಡ್ಡಾಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಗಂಗಲಕ್ಷ್ಮಿಯೇ ಜೊತೆಗೆ ಹೋದಳು. ಹೋದವಳು ಮೂರು ದಿನ ಅಲ್ಲೇ ಉಳಿದಳು. ಮೂರನೇ ದಿನ ಅವನು ಹೋದ.

ಪಾಲಮ್ಮ ಅಷ್ಟೂ ಕುರಿಗಳನ್ನು ರೊಪ್ಪಕ್ಕೆ ತಂದು ಕೂಡಿದ್ದಳು. ತಿಥಿಯ ದಿನ ಹಿರಿಯರು ಒಂದು ಮರಿಯೂ ತಪ್ಪಲಿಲ್ಲ ಎಂದು ಹೊಗಳಿದರು, ಹುಡುಗ ಮರ್ಯಾದೆ ಉಳಿಸಿ ಹೋದ ಎಂದರು. ಗಂಗಲಕ್ಷ್ಮಿ ಊಟಕ್ಕೆ ಕೂರದೆ ಎದ್ದು ಬಂದಳು.

ಆಮೇಲೆ ಏಳು ಹಟ್ಟಿ ತಿರುಗಿದಳು. ಹಾವಿನ ಮಾತು ಎತ್ತಲಿಲ್ಲ, ಆರೋಗ್ಯದ ಉಪದೇಶ ಮಾಡಲಿಲ್ಲ. ಕೇಳಿದ್ದು ಒಂದೇ: ಫೋನ್ ಬಂದ ತಕ್ಷಣ ಕೈಯ ಕೆಲಸ ಬಿಟ್ಟು ಇನ್ನೊಬ್ಬರ ಕುರಿ ಹಿಂದೆ ಹೋಗುವವರು ಯಾರಿದ್ದೀರಿ? ಮೊದಲ ಎರಡು ಹಟ್ಟಿಗಳಲ್ಲಿ ಒಂದು ಹೆಸರೂ ಸಿಗಲಿಲ್ಲ. ಮೂರನೆಯದರಲ್ಲಿ ಚಿನ್ನಕ್ಕ ಎಂಬ ವಿಧವೆ, ನಾನು ಹೋಗ್ತೀನಿ ಬರ್ಕೋ ಎಂದಳು. ಈಗ ಆರೋಗ್ಯ ಕೇಂದ್ರದ ಗೋಡೆಯ ಮೇಲೆ, ಲಸಿಕೆ ಪಟ್ಟಿಯ ಪಕ್ಕ, ಹನ್ನೊಂದು ಹೆಸರು, ಹನ್ನೊಂದು ಫೋನ್ ನಂಬರ್ ಇವೆ. ಈಚೆಗೆ ಮೂವರು ಗಂಟೆಯೊಳಗೆ ಬಂದರು, ಬದುಕಿದರು. ಒಬ್ಬ ಬರಲಿಲ್ಲ. ಪಟ್ಟಿ ನೋಡಲು ಬಂದ ಮೇಲಧಿಕಾರಿಯೊಬ್ಬರು ಇದು ಯಾವ ಯೋಜನೆಯಡಿ ಬರುತ್ತದೆ ಎಂದು ವಿಚಾರಿಸಿ, ಯಾವುದರಡಿಯೂ ಬರುವುದಿಲ್ಲ ಎಂದು ತಿಳಿದು, ಫೋಟೊ ತೆಗೆಸಿಕೊಂಡು ಹೋದರು.

ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ಈ ಬರಹಕ್ಕೆಂದು ನಾನು ಹೊಸ ಪೆನ್ನು, ಹೊಸ ನೋಟ್‌ಬುಕ್ ಹಿಡಿದು ಹೋಗಿದ್ದೆ. ಆಕೆ ಕೂಸೊಂದಕ್ಕೆ ಚುಚ್ಚುಮದ್ದು ಹಾಕಿ ಸೂಜಿ ಮುರಿಯುತ್ತಿದ್ದಳು. ಬೇಕಾದದ್ದೆಲ್ಲ ಬರೆದುಕೊಂಡಾಗಿತ್ತು. ಮುಗಿಸಲಿಕ್ಕೆ ಮನ ಕರಗಿಸುವ ಒಂದು ಸಾಲು ಸಿಕ್ಕರೆ ಒಳ್ಳೆಯದಿತ್ತು. ದನಿ ತಗ್ಗಿಸಿ, ತಿಪ್ಪೇರುದ್ರ ಕೊನೆಗಳಿಗೆಯಲ್ಲಿ ಏನು ಹೇಳಿದನಮ್ಮ ಎಂದು ಕೇಳಿದೆ.

"ಬಾಯ್ತುಂಬ ರಕ್ತ ಇರೋನು ಮಾತಾಡಲ್ಲ ಸಾರ್" ಎಂದಳು.