ಐದು ಕಂಪನಿ, ಒಂದು ಕಪ್ ಚಹಾ

ಕಸ್ತೂರಕ್ಕ ಮಾತು ಶುರು ಮಾಡುತ್ತಿರಲಿಲ್ಲ, ಮುಂದುವರಿಸುತ್ತಿದ್ದರು. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಅವರ ಮನೆ ನಮ್ಮ ಮನೆಯ ನೇರ ಮೇಲೆ. ಒಮ್ಮೆ ಮೆಟ್ಟಿಲ ಮೇಲೆ ನಿಂತು, "ಜ್ವಾಳದ ಹಿಟ್ಟ ನಾದೂಮುಂದ ನೀರ ಹೆಂಗಿರಬೇಕಂದ್ರ..." ಎನ್ನುವಷ್ಟರಲ್ಲಿ ಫೋನ್ ಬಂದು, ಶೂಟಿಂಗಿಗೆಂದು ಹೊರಟುಹೋದರು. ಮಳೆಗಾಲವಿಡೀ ಪತ್ತೆಯಿಲ್ಲ. ನವರಾತ್ರಿಯ ಹೊತ್ತಿಗೆ ಅದೇ ಮೆಟ್ಟಿಲ ಮೇಲೆ ಎದುರಾದರು. ನಮಸ್ಕಾರವಿಲ್ಲ, ಹೇಗಿದ್ದೀರಿ ಎಂಬುದಿಲ್ಲ. "...ಕುದಿಯೋ ನೀರ ಇರಬೇಕ್ರಿ ಅಣ್ಣಾರ, ಇಲ್ಲಂದ್ರ ರೊಟ್ಟಿ ಹರೀತೈತಿ" ಎಂದು ಮೇಲೆ ಹತ್ತಿ ಹೋದರು. ನಾನು ಕುಂದಾಪುರದ ಕಡೆಯವನು. ಜನ್ಮದಲ್ಲಿ ಜೋಳದ ರೊಟ್ಟಿ ತಟ್ಟಿದವನಲ್ಲ. ಆದರೂ ಆ ನೀರು ಹೇಗಿರಬೇಕೆಂಬ ಚಿಂತೆ ಇಡೀ ಮಳೆಗಾಲ ನನ್ನನ್ನು ಕಾಡಿತ್ತು. ಚಿಂತಿಸಲು ನನಗೆ ಸ್ವಂತ ವಿಷಯವೇ ಬೇಕೆಂದಿಲ್ಲ.

ಇದು ಅವರಿಗೆ ಕಸುಬಿನಿಂದ ಅಂಟಿಕೊಂಡ ಅಭ್ಯಾಸ. ಸಿನಿಮಾದಲ್ಲಿ ಅವರದು ಕಂಟಿನ್ಯುಟಿ ಕೆಲಸ. ನಾವು ನೋಡುವ ಕ್ರಮದಲ್ಲಿ ಸಿನಿಮಾ ತೆಗೆಯುವುದಿಲ್ಲವಷ್ಟೆ. ನಾಯಕ ಠಾಣೆ ಊರಿನ ಯಾವುದೋ ಬಂಗಲೆಯ ಬಾಗಿಲು ತಳ್ಳುವುದು ಇವತ್ತು, ಒಳಗೆ ಕಾಲಿಡುವುದು ತಿಂಗಳ ನಂತರ ಬೇರೊಂದು ಸ್ಟುಡಿಯೋದಲ್ಲಿ. ಹೊರಗೆ ಎಷ್ಟು ಒದ್ದೆಯಾಗಿತ್ತೋ ಅಂಗಿ ಒಳಗೂ ಅಷ್ಟೇ ಒದ್ದೆಯಿರಬೇಕು, ಎಡಗೈಯ ಕೊಡೆ ಎಡಗೈಯಲ್ಲೇ ಇರಬೇಕು. ಅದನ್ನೆಲ್ಲ ನೆನಪಿಟ್ಟು ಹೊಂದಿಸುವವರು ಕಸ್ತೂರಕ್ಕ. "ಸೀನ್ ಮುರೀತೈತಿ, ಮನಷ್ಯಾ ಮುರೀಬಾರ್ದು" ಎನ್ನುತ್ತಿದ್ದರು.

ಅವರ ತಂದೆ ವಿಜಯಪುರದ ಕಡೆಯಿಂದ ಇಲ್ಲೇ ಪಕ್ಕದ ಕಲ್ಯಾಣದ ಮಾರ್ಕೆಟ್ಟಿಗೆ ಹಮಾಲಿ ಮಾಡಲು ಬಂದವರು. ಮಗಳು ಶೂಟಿಂಗಿನಲ್ಲಿ ಬಟ್ಟೆ ಇಸ್ತ್ರಿ ಮಾಡಲು ಸೇರಿ, ಯಾರ ಸೀರೆಯ ನೆರಿಗೆ ಎಷ್ಟಿತ್ತು ಎಂದು ಎಲ್ಲರಿಗಿಂತ ಮೊದಲು ಹೇಳುತ್ತ ಹೇಳುತ್ತ ಈ ಕೆಲಸಕ್ಕೆ ಬಂದರು. ತಮ್ಮ ನೆನಪಿನ ಬಗ್ಗೆ ಅವರಿಗೆ ಜಂಬವಿತ್ತು. ಹಾಗೆಂದು ಸ್ವಂತ ಮನೆಯ ಬೀಗದ ಕೈ ಎಲ್ಲಿಟ್ಟೆನೆಂಬುದು ಎಂದೂ ನೆನಪಿರುತ್ತಿರಲಿಲ್ಲ, ಇನ್ನೊಂದು ಕೀಲಿ ನಮ್ಮ ಮನೆಯ ಮೊಳೆಯಲ್ಲೇ ತೂಗುತ್ತಿತ್ತು. ಸಂಜೆ ಅವರು ಧಾರಾವಾಹಿ ನೋಡುವಾಗ ನಮ್ಮ ಚಾವಣಿಯಿಂದ ಸಿಟ್ಟು ಸೋರುತ್ತಿತ್ತು: "ಕೈಯಾಗಿನ ಬಳಿ ಎಲ್ಲಿ ಹೋದ್ವ ಯವ್ವಾ? ಈಗರ ಇದ್ವಲ್ಲ!"

ವಯಸ್ಸಾದಂತೆ ಶೂಟಿಂಗ್ ಕಡಿಮೆ ಮಾಡಿ, ಮಹಾಪೆಯ ಒಂದು ಸಿನಿಮಾ ತರಬೇತಿ ಸಂಸ್ಥೆಯಲ್ಲಿ ಪಾಠಕ್ಕೆ ಸೇರಿದರು. ಸಿನಿಮಾ ನಿರ್ಮಾಣದ ಕಸುಬು ಕಲಿಸಿ ಕೆಲಸಕ್ಕೆ ಹಚ್ಚುತ್ತೇವೆ ಎನ್ನುವ ಗಾಜಿನ ಕಟ್ಟಡ ಅದು. ನನ್ನ ಮಗಳು ಅನಘಾ ಅಲ್ಲಿ ಸೇರುತ್ತೇನೆಂದಾಗ ನನಗೆ ಬರಬೇಕಾದ ಚಿಂತೆಗಳೆಲ್ಲ ಸಾಲಾಗಿ ಬಂದವು. ಕಸ್ತೂರಕ್ಕ ಕೆಳಗಿಳಿದು ಬಂದು, "ಕಳಸ್ರಿ ಅಣ್ಣಾರ. ಅಲ್ಲಿ ಕಲತವರಿಗೆ ಕೆಲಸಾ ಸಿಗತೈತಿ. ನಾ ಹೇಳಾಕತ್ತೇನಲ್ಲ" ಎಂದರು. ಆ "ನಾ ಹೇಳಾಕತ್ತೇನಲ್ಲ" ನನಗೆ ಸಾಕಾಯಿತು. ನಮ್ಮ ಬೀದಿಯ ಇನ್ನೂ ಕೆಲವು ಮನೆಗಳಿಗೂ ಸಾಕಾಯಿತು.

ಪಾಠವೆಂದರೆ ಎಂಥ ಪಾಠ! ಒಂದು ಭಾನುವಾರ ಹುಡುಗರನ್ನೆಲ್ಲ ಮನೆಗೆ ಕರೆದು, ನಟ ಬೇಕೆಂದು ನನ್ನನ್ನು ಮೇಲಕ್ಕೆ ಎಳೆದುಕೊಂಡು ಹೋದರು. ನಾನು ಬಾಳೆಹಣ್ಣು ಸುಲಿದು ಒಂದು ತುತ್ತು ಕಚ್ಚಬೇಕು. ಕಟ್. ಮತ್ತೆ ಹೊಸ ಹಣ್ಣು, ಅಷ್ಟೇ ಸಿಪ್ಪೆ, ಅಷ್ಟೇ ತುತ್ತು. ತಪ್ಪನ್ನು ಹುಡುಗರು ಹಿಡಿಯಬೇಕು. ಸಾಯಂಕಾಲದ ಹೊತ್ತಿಗೆ ಹೊಟ್ಟೆ ಡೋಲಾಗಿತ್ತು.

"ಅಕ್ಕಾ, ನಂಗೆ ಶುಗರ್ ಬಂದ್ರೆ ಎಂಥ ಮಾಡೂದು ಮಾರಾಯ್ರೆ?"

"ಬರ್ಲಿ ಬಿಡ್ರಿ. ಎಲ್ಲಾ ಶಾಟ್‌ನ್ಯಾಗೂ ಒಂದ ಲೆವೆಲ್ ಇರ್ಲಿ, ಅಷ್ಟ."

ಮೊದಲ ವರ್ಷ ಮುಗಿದ ಮೇಲೆ ಸಂಸ್ಥೆಯವರು ತಂದೆತಾಯಿಗಳನ್ನು ಕರೆಸಿದರು. ಮುಂದಿನದು ಅಡ್ವಾನ್ಸ್ಡ್ ಡಿಪ್ಲೊಮಾ. ಅದನ್ನು ಮಾಡಿದರೆ ಕೆಲಸ ಖಾತ್ರಿ ಎಂದರು. ಎಸಿ ಹಾಕಿದ ಸಭಾಂಗಣದಲ್ಲಿ ನಡುಗುತ್ತ ಕೂತಿದ್ದೆವು. ಪರದೆಯ ಮೇಲೆ ಒಂದು ಕಿರುಚಿತ್ರ ಬಂತು. ಹಿಂದಿನ ವಿದ್ಯಾರ್ಥಿಗಳು ಐದು ಜನ, ಒಬ್ಬೊಬ್ಬರೂ ಒಂದೊಂದು ಕಂಪನಿಯ ಕಚೇರಿಯಲ್ಲಿ ಕೂತು, ಚಹಾ ಗುಟುಕರಿಸುತ್ತ, ತಮಗೆ ಸಿಕ್ಕ ನೌಕರಿಯ ಬಗ್ಗೆ ಹೇಳಿದರು. ನನ್ನ ಕಣ್ಣು ಒದ್ದೆಯಾಯಿತು. ಚಪ್ಪಾಳೆ ಹೊಡೆಯಲು ಕೈ ಎತ್ತಿದ್ದೆ ಕೂಡ.

"ಹಿಂದಕ್ಕ ಹಾಕ್ರಿ ಅದನ್ನ" ಎಂಬ ಧ್ವನಿ ಕೇಳಿತು. ಕಸ್ತೂರಕ್ಕ ಎದ್ದು ನಿಂತಿದ್ದರು.

ಕಂಪ್ಯೂಟರಿನ ಮುಂದಿದ್ದವನು ಅಭ್ಯಾಸಬಲದಿಂದ ಹಿಂದಕ್ಕೆ ಹಾಕಿಬಿಟ್ಟ. ಅವನೂ ಅವರ ಶಿಷ್ಯನೇ.

"ಅನಘಾ, ಕಪ್ ನೋಡ. ಏನ್ ಕಾಣತೈತಿ ಹೇಳ."

ನನ್ನ ಮಗಳು ಎದ್ದಳು. ಬೇಡ, ಕೂತ್ಕೋ ಎಂದು ನಾನು ಅವಳ ದುಪಟ್ಟಾ ಜಗ್ಗಿದೆ. ಅವಳು ಬಿಡಿಸಿಕೊಂಡಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲೇ ಉತ್ತರಿಸುವವಳು ಅವಳು. "ಸಬ್ ಮೇಂ ಸೇಮ್ ಕಪ್ ಹೈ, ಅಕ್ಕಾ" ಎಂದಳು. ಎಲ್ಲರ ಮುಂದೆಯೂ ಒಂದೇ ಕಪ್, ಅಂಚಿನಲ್ಲಿ ಅದೇ ಒಡಕು. ಮೊದಲಿನ ಹುಡುಗಿಯ ಕಂಪನಿಯಲ್ಲಿ ಕಪ್ ತುಂಬಿದೆ. ಎರಡನೆಯವನ ಕಂಪನಿಯಲ್ಲಿ ಸ್ವಲ್ಪ ಇಳಿದಿದೆ. ಮೂರನೆಯದರಲ್ಲಿ ಅರ್ಧ. ಕೊನೆಯ ಹುಡುಗ ಪಾಪ, ಖಾಲಿ ಕಪ್ಪನ್ನೇ ಹೀರುತ್ತಿದ್ದ.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ನನಗೆ ಮಾತ್ರ, ಎಲ್ಲರೂ ಎಂಜಲು ಕುಡಿದರಲ್ಲ, ಆ ಮಕ್ಕಳಿಗೆ ಏನಾದರೂ ರೋಗ ಬಂದರೆ ಎಂಬ ಯೋಚನೆ ಬಂತು. ನನ್ನ ಮಂಡೆಯೇ ಹಾಗೆ.

ಸಂಸ್ಥೆಯ ಮುಖ್ಯಸ್ಥ, ಕೋಟು ತೊಟ್ಟು ಆಟದ ಬೂಟು ಹಾಕಿದ್ದ ಯುವಕ, ನಗುತ್ತಲೇ, "ಮೇಡಂ, ಯೇ ತೋ ಪ್ರಮೋಷನ್ ಹೈ. ಸಬ್ ಐಸಾ ಹೀ ಕರತೇ ಹೈಂ" ಎಂದ.

ಕಸ್ತೂರಕ್ಕ ಹಿಂದಿಯಲ್ಲಿ ಹೊರಟು, ಮರಾಠಿಯಲ್ಲಿ ವೇಗ ಹಿಡಿದು, ಕೊನೆಗೆ ವಿಜಯಪುರಕ್ಕೇ ಬಂದು ನಿಂತರು. "ಎಲ್ಲಾರೂ ಮಾಡ್ತಾರಂತ! ಐದ ಕಂಪನಿ, ಒಂದ ಕಪ್ ಚಾ! ಈ ಹುಡುಗ್ರು ನಾ ಕಲಿಸಿದ ಹುಡುಗ್ರು. ಕೆಲಸದ ಮ್ಯಾಲ ಅದಾರಂತ ನನಗ ಹೇಳಿದ್ರಿ. ನಾ ಮನಿಮನಿಗೆ ಹೋಗಿ ಹೇಳೀನಿ. ನನ್ನ ಬಾಯಿಂದ ಸುಳ್ಳ ಹೇಳ್ಸೀರಲ್ಲ, ನಿಮ್ಮ ಬಾಯಾಗ ಮಣ್ಣ ಹಾಕ!"

ಮನೆಗೆ ಬಂದ ಮೇಲೆ ಐವರಿಗೂ ಫೋನ್ ಮಾಡಿದರು. ಒಬ್ಬರಿಗೂ ಆ ಕಂಪನಿಗಳಲ್ಲಿ ಕೆಲಸವಿರಲಿಲ್ಲ. ಅನುಭವ ಸಿಗುತ್ತದೆಂದು ಸಂಬಳವಿಲ್ಲದೆ ಶೂಟಿಂಗಿಗೆ ಕಳಿಸಿ, ಕುರ್ಚಿ ಹೊರಿಸಿ, ಕೇಬಲ್ ಸುತ್ತಿಸಿ, ಆಮೇಲೆ ಮನೆಗೆ ಅಟ್ಟಿದ್ದರು. ಕಸ್ತೂರಕ್ಕ ನಮ್ಮ ಸೋಫಾದಲ್ಲಿ ಕೂತು, "ನಾ ಹೇಳಾಕತ್ತೇನಲ್ಲ ಅಂದಿದ್ನಲ್ರಿ ಅಣ್ಣಾರ" ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಅಂದರು. ಅವರು ಅತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುವಾರ ಅವರನ್ನು ತೆಗೆದುಹಾಕಿದರು. ಕಾರಣವೇನೆಂದರೆ ಕಲಿಸಲು ಅವರ ಬಳಿ ಡಿಗ್ರಿಯಿಲ್ಲವಂತೆ! ಇಷ್ಟು ವರ್ಷ ಬ್ರೋಷರಿನಲ್ಲಿ ಅವರ ಫೋಟೋ ಹಾಕಿ "ಉದ್ಯಮದ ಅನುಭವಿ" ಎಂದು ಅಚ್ಚು ಹೊಡೆಸುವಾಗ ಡಿಗ್ರಿ ನೆನಪಾಗಿರಲಿಲ್ಲ. ಸಾಮಾನ್ಯವಾಗಿ ನನ್ನ ಸಿಟ್ಟಿಗೆ ಆಯುಷ್ಯ ಕಡಿಮೆ. ಬೆಳಿಗ್ಗೆಯ ಲೋಕಲಿನಲ್ಲಿ ಹುಟ್ಟಿ ವಾಗ್ಳೆ ಎಸ್ಟೇಟಿನ ಆಫೀಸು ತಲುಪುವಷ್ಟರಲ್ಲಿ ಸಾಯುತ್ತದೆ. ಇದೊಂದು ಸಿಟ್ಟು ಇನ್ನೂ ಬದುಕಿದೆ.

ಅನಘಾ ಅಡ್ವಾನ್ಸ್ಡ್‌ಗೆ ಸೇರಲಿಲ್ಲ. ಕಸ್ತೂರಕ್ಕ ಮತ್ತೆ ಶೂಟಿಂಗಿಗೆ ಹೊರಟು, ಅವಳನ್ನು ಜೊತೆಗೆ ಕರೆದೊಯ್ದರು. ಹೇಳಿದ್ದು ಒಂದೇ: "ಪಗಾರ ಇಲ್ದ ಕೆಲಸಕ್ಕ ಹೂಂ ಅನ್ನಬ್ಯಾಡ. ಪುಕ್ಕಟೆ ಬಂದಾಕಿ ಕಣ್ಣೀಗೆ ಬೀಳೂದಿಲ್ಲ, ಕಾಲೀಗೆ ತೊಡರ್ತಾಳ." ಹುಡುಗಿ ನಿಧಾನಕ್ಕೆ ನಿಂತುಕೊಂಡಳು. ಈಗ ಕಂಟಿನ್ಯುಟಿಗೆ ಅವಳೇ ಬೇಕೆಂದು ಹೆಸರು ಹಿಡಿದು ಕರೆಯುತ್ತಾರೆ.

ಈ ವರ್ಷ ಸಂಸ್ಥೆಯ ಹೊಸ ಪ್ರಚಾರಚಿತ್ರ ಫೋನಿಗೆ ಬಂತು. ಎಲ್ಲರ ಮುಂದೆಯೂ ಬೇರೆ ಬೇರೆ ಕಪ್, ಬೇರೆ ಬೇರೆ ಬಣ್ಣ, ಕಂಠಮಟ್ಟ ಚಹಾ. ಕಸ್ತೂರಕ್ಕನ ಪಾಠವನ್ನು ಅಷ್ಟರಮಟ್ಟಿಗೆ ಕಲಿತಿದ್ದರು! ಕೊನೆಯಲ್ಲಿ ಅನಘಾಳ ಹಳೆಯ ಫೋಟೋ, ಕೆಳಗೆ "ನಮ್ಮ ಅಡ್ವಾನ್ಸ್ಡ್ ಡಿಪ್ಲೊಮಾದ ಹೆಮ್ಮೆ" ಎಂಬ ಸಾಲು.

ನೋಡಿದ ಮರುದಿನ ಡೊಂಬಿವಲಿ ಸ್ಟೇಷನ್ನಿನಲ್ಲಿ ಕಸ್ತೂರಕ್ಕ ಸಿಕ್ಕಿದರು. ಅಣ್ಣನ ಮನೆಗೆ ಕಲ್ಯಾಣಕ್ಕೆ ಹೊರಟಿದ್ದರು. ಮುಖ ಕೆಂಪಾಗಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಅಕ್ಕಾ, ಬಿಪಿ ಗುಳಿಗೆ ತಗೊಂಡ್ರಾ?" ಎಂದೆ. ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಸೋಮವಾರ ಮಹಾಪೆಗೆ ಹೊಂಟೇನ್ರಿ. ಅವನ ಮುಂದ ನಿಂತ ಒಂದ ಮಾತ ಕೇಳಾಕಿ. ಆ ಹುಡುಗೀಗೆ ನೀ ಏನ್ ಕಲಿಸೀಯಪಾ..."

ಲೋಕಲ್ ಬಂತು. ಹೆಂಗಸರ ಡಬ್ಬಿಯ ನೂಕುನುಗ್ಗಲು ಅವರನ್ನು ಒಳಗೆ ಸೆಳೆದುಕೊಂಡಿತು. ಸರಳಿನ ಸಂದಿಯಿಂದ ಕೈ ಎತ್ತಿ, ತಡೀರಿ, ಆಮೇಲೆ ಹೇಳುತ್ತೇನೆ ಎಂಬಂತೆ ಬೆರಳಾಡಿಸಿದರು.

ಸೋಮವಾರ ಬರುವ ಮೊದಲೇ ಕಲ್ಯಾಣದಿಂದ ಫೋನ್ ಬಂತು. ನಿದ್ದೆಯಲ್ಲೇ ಹೋಗಿದ್ದರು.

ಎಲ್ಲ ಮುಗಿಸಿ ಬಂದ ಮೇಲೆ ಅನಘಾ ಎರಡು ದಿನ ಶೂಟಿಂಗಿಗೆ ಹೋಗಲಿಲ್ಲ. ಮೊಳೆಯಲ್ಲಿ ತೂಗುತ್ತಿದ್ದ ಮೇಲಿನ ಮನೆಯ ಕೀಲಿಯನ್ನು ನೋಡುತ್ತ ಕೂತಿರುತ್ತಿದ್ದಳು. ಮೂರನೆಯ ಬೆಳಿಗ್ಗೆ ನನ್ನೆದುರು ಬಂದು ನಿಂತಳು.

"ಅಕ್ಕಾ ಕಾ ಲಾಸ್ಟ್ ಡಯಲಾಗ್ ಕ್ಯಾ ಥಾ, ಪಪ್ಪಾ?"

"ಬಿಡು ಮಗಾ. ಆ ಸಂಸ್ಥೆಯವರು ದೊಡ್ಡವರು, ನಿನ್ನ ಕೆಲಸಕ್ಕೇ ಕಲ್ಲು ಹಾಕಿದ್ರೆ? ಕೇಸು ಗೀಸು ಅಂತ..."

"ಪಪ್ಪಾ. ಎಕ್ಸಾಕ್ಟ್ ಬೋಲೋ."

ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವ ಮನುಷ್ಯ ನಾನು. ಆ ಮಾತು ಮಾತ್ರ ಅಕ್ಷರ ಬಿಡದೆ ನೆನಪಿತ್ತು. ಹೇಳಿದೆ. ಅವಳು ತುಟಿಯಲ್ಲೇ ಒಮ್ಮೆ ಹೇಳಿಕೊಂಡು ಚಪ್ಪಲಿ ಮೆಟ್ಟಿದಳು. ಗ್ಯಾಸ್ ಆಫ್ ಆಗಿದೆಯೇ ಎಂದು ಎರಡು ಸಲ ನೋಡಿ ನಾನೂ ಹಿಂದೆ ಹೊರಟೆ.

ಮಹಾಪೆಯ ಗಾಜಿನ ಕೋಣೆಯಲ್ಲಿ ಮುಖ್ಯಸ್ಥ ಅವಳನ್ನು ಕಂಡು ಎದ್ದುನಿಂತು, "ಅರೇ ಅನಘಾ, ವೆಲ್‌ಕಮ್, ಬೈಠೋ" ಎಂದ. ಅವಳು ಕೂರಲಿಲ್ಲ. ನಮಸ್ಕಾರವೂ ಹೇಳಲಿಲ್ಲ. ಹುಟ್ಟಿದಂದಿನಿಂದ ನನ್ನೊಡನೆ ಹಿಂದಿಯಲ್ಲೇ ಮಾತಾಡಿದ ಹುಡುಗಿ, ಅವನಿಗೆ ಒಂದಕ್ಷರವೂ ತಿಳಿಯದ ವಿಜಯಪುರದ ಕನ್ನಡದಲ್ಲಿ, ಅಕ್ಕನ ಮಾತು ನಿಂತಲ್ಲಿಂದ ಮುಂದುವರಿಸಿದಳು.

"...ಏನೂ ಇಲ್ಲ. ಕಲಿಸಿದಾಕಿ ಕಸ್ತೂರಕ್ಕ. ತೆಗೀ ಆ ಫೋಟೋ."